ಜೀನ್ ಆನ್ ಆದರೆ ಸಾಕಾ? ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಎಂಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ, ಊರು ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ. ಸೆಮಿನಾರಿಗೆ ಡ್ರೊಸೊಫಿಲಾ ಎಂಬ ಸಣ್ಣ ನೊಣದಲ್ಲಿ ಆರ್‌ಎನ್‌ಎಗೆ ಅಂಟುವ ಪ್ರೋಟೀನ್‌ಗಳ ವಿಷಯ ಬಂದಿದೆ. ನಮ್ಮ ಪುಸ್ತಕದಲ್ಲಿ ಜೀನ್ ಆನ್ ಆಗುವುದು, ಆಫ್ ಆಗುವುದು ಎಲ್ಲಾ ಪ್ರಮೋಟರ್ ಹತ್ತಿರವೇ, ಅಂದರೆ ಜೀನಿನಿಂದ ಆರ್‌ಎನ್‌ಎ ಬರೆಯಲು ಶುರುವಾಗುವ ಜಾಗದಲ್ಲೇ ಎಂದಿದೆ. ಹಾಗಾದರೆ ಈ ಪ್ರೋಟೀನ್‌ಗಳಿಗೆ ಏನು ಕೆಲಸ? ಒಂದೇ ಪ್ರೋಟೀನ್ ಒಂದು ಪೇಪರಿನಲ್ಲಿ ತಡೆಯುತ್ತದೆ, ಇನ್ನೊಂದರಲ್ಲಿ ಸಹಾಯ ಮಾಡುತ್ತದೆ ಎಂದು ಬರುತ್ತದೆ. ಯಾವುದು ಸರಿ? ಮನೆಯಲ್ಲಿ ಅಪ್ಪ ಬೇರೆ ಕೇಳುತ್ತಿದ್ದಾರೆ, ನೀನು ಓದುವ ನೊಣವೂ ನಮ್ಮ ಪೇರಲದಲ್ಲಿ ಹುಳ ಬೀಳಿಸುವ ನೊಣವೂ ಒಂದೇನಾ ಅಂತ.

ಉತ್ತರ:

ತಂಗಿ, ನಿಮ್ಮ ಎರಡೂ ಪೇಪರು ಸರಿ ಇವೆ. ಗೊಂದಲ ಇರುವುದು ನಾವು ಪ್ರಶ್ನೆ ಕೇಳುವ ರೀತಿಯಲ್ಲಿ. ‘ಈ ಪ್ರೋಟೀನ್ ಏನು ಮಾಡುತ್ತದೆ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಯಾವ ಆರ್‌ಎನ್‌ಎ ಮೇಲೆ, ಯಾವ ಜಾಗದಲ್ಲಿ, ಯಾರ ಜೊತೆ ಕೂತಿದೆ?’ ಎಂದು ಕೇಳಿ. ಆಗ ಪ್ರತಿಯೊಂದು ಪೇಪರೂ ಅರ್ಥವಾಗತೊಡಗುತ್ತದೆ. ಈ ಉತ್ತರದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಆದರೆ ಉದಾಹರಣೆ ಇಲ್ಲದೆ ಹೇಳಿದರೆ ಅದು ಸುಮ್ನೆ ಮಾತಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪ್ರಮೋಟರ್ ವಿಷಯ. ನಿಮ್ಮ ಪುಸ್ತಕ ತಪ್ಪು ಹೇಳಿಲ್ಲ, ಅರ್ಧ ಹೇಳಿದೆ. ನಾವೆಲ್ಲ ಜೀನ್ ನಿಯಂತ್ರಣವನ್ನು ಬ್ಯಾಕ್ಟೀರಿಯಾದ ಲ್ಯಾಕ್ ಓಪೆರಾನ್ ಎಂಬ, ಹಾಲಿನ ಸಕ್ಕರೆ ಬಳಸಲು ಬೇಕಾದ ಜೀನ್‌ಗಳ ಗುಂಪಿನಿಂದ ಕಲಿಯುತ್ತೇವೆ. ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಇನ್ನೂ ಬರೆಯುತ್ತಿರುವಾಗಲೇ ರೈಬೋಸೋಮ್ (ಆರ್‌ಎನ್‌ಎ ಓದಿ ಪ್ರೋಟೀನ್ ತಯಾರಿಸುವ ಯಂತ್ರ) ಬಂದು ಓದಲು ಶುರು ಮಾಡುತ್ತದೆ, ನಡುವೆ ಹೆಚ್ಚು ಬಿಡುವಿಲ್ಲ. ನೊಣದಲ್ಲಿ, ನಮ್ಮಲ್ಲಿ, ಹಾಗಿಲ್ಲ. ಆರ್‌ಎನ್‌ಎ ನ್ಯೂಕ್ಲಿಯಸ್ಸಿನಲ್ಲಿ ಬರೆಯಲ್ಪಡುತ್ತದೆ, ನಡುವಿನ ಬೇಡದ ತುಂಡುಗಳಾದ ಇಂಟ್ರಾನ್‌ಗಳನ್ನು ಕತ್ತರಿಸಿ, ಉಳಿಯಬೇಕಾದ ತುಂಡುಗಳಾದ ಎಕ್ಸಾನ್‌ಗಳನ್ನು ಜೋಡಿಸಬೇಕು (ಇದಕ್ಕೇ ಸ್ಪ್ಲೈಸಿಂಗ್ ಎನ್ನುವುದು), ಬಾಲಕ್ಕೆ ‘ಎ’ ಅಕ್ಷರಗಳ ಸಾಲು (ಆರ್‌ಎನ್‌ಎಗೆ ಎ, ಯು, ಜಿ, ಸಿ ಎಂದು ನಾಲ್ಕೇ ಅಕ್ಷರ) ಸೇರಿಸಬೇಕು, ಹೊರಗೆ ಕಳಿಸಬೇಕು, ಜೀವಕೋಶದ ಸರಿಯಾದ ಮೂಲೆಗೆ ಒಯ್ಯಬೇಕು, ಆಮೇಲೆ ಓದಬೇಕು, ಕೆಲಸ ಮುಗಿದ ಮೇಲೆ ಒಡೆದು ಹಾಕಬೇಕು. ಈ ಒಂದೊಂದು ಹಂತದಲ್ಲೂ ಹೌದು ಅಥವಾ ಬೇಡ ಎಂದು ಹೇಳುವ ಪ್ರೋಟೀನ್‌ಗಳಿವೆ. ಹುಟ್ಟಿದ ಕ್ಷಣದಿಂದ ಒಡೆದು ಹೋಗುವವರೆಗೂ ಆರ್‌ಎನ್‌ಎ ಬರಿಮೈಯಲ್ಲಿ ಇರುವುದೇ ಇಲ್ಲ, ಯಾವಾಗಲೂ ಪ್ರೋಟೀನ್‌ಗಳು ಅದನ್ನು ಹಿಡಿದಿರುತ್ತವೆ.

ಪ್ರಮೋಟರ್ ಒಂದೇ ಸಾಲದು ಎನ್ನುವುದಕ್ಕೆ ನೊಣದ ಮೊಟ್ಟೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮೊಟ್ಟೆ ಇಟ್ಟ ಮೇಲೆ ಮೊದಲ ಎರಡು ಗಂಟೆ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ನ್ಯೂಕ್ಲಿಯಸ್ಸುಗಳು ಎಷ್ಟು ಬೇಗ ಒಡೆಯುತ್ತವೆ ಎಂದರೆ, ಶುರುವಿನ ಸುತ್ತುಗಳಿಗೆ ಒಂದೊಂದಕ್ಕೆ ಎಂಟೊಂಬತ್ತು ನಿಮಿಷ ಸಾಕು, ಅಷ್ಟರಲ್ಲಿ ಜೀನ್ ಬರೆಯಲು ಪುರಸೊತ್ತೇ ಇರುವುದಿಲ್ಲ. ಹದಿಮೂರು ಸುತ್ತು ಹೀಗೆ ನಡೆದು, ಗೋಡೆಗಳಿಲ್ಲದ ಒಂದೇ ಚೀಲದಲ್ಲಿ ಸುಮಾರು 6000 ನ್ಯೂಕ್ಲಿಯಸ್ಸುಗಳು ಆಗುತ್ತವೆ. ಆದರೆ ಅಷ್ಟರೊಳಗೆ ತಲೆ ಯಾವ ಕಡೆ, ಹೊಟ್ಟೆ ಯಾವ ಕಡೆ ಎನ್ನುವುದು ತೀರ್ಮಾನ ಆಗಿರುತ್ತದೆ! ಯಾರು ತೀರ್ಮಾನಿಸಿದರು? ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಆರ್‌ಎನ್‌ಎಗಳು, ಮತ್ತು ಅವನ್ನು ಹಿಡಿದಿರುವ ಪ್ರೋಟೀನ್‌ಗಳು. ನೊಣದ ಅರ್ಧಕ್ಕಿಂತ ಜಾಸ್ತಿ ಜೀನ್‌ಗಳ ಆರ್‌ಎನ್‌ಎ ತಾಯಿಯಿಂದಲೇ ಮೊಟ್ಟೆಗೆ ಬಂದಿರುತ್ತದೆ. ಇಲ್ಲಿ ಪ್ರಮೋಟರ್ ಎನ್ನುವ ಮಾತೇ ಇಲ್ಲ, ನಿಯಂತ್ರಣ ಮಾತ್ರ ಜೋರಾಗಿ ನಡೆದಿದೆ.

ಹಂಚ್‌ಬ್ಯಾಕ್ ಎಂಬ ಜೀನ್ ನೋಡಿ. ತಾಯಿ ಕೊಟ್ಟ ಅದರ ಆರ್‌ಎನ್‌ಎ ಇಡೀ ಮೊಟ್ಟೆಯಲ್ಲಿ ಸಮನಾಗಿ ಹರಡಿರುತ್ತದೆ. ಆದರೆ ಹಿಂಭಾಗದಲ್ಲಿ ಆ ಪ್ರೋಟೀನ್ ತಯಾರಾದರೆ ಹೊಟ್ಟೆಯ ಭಾಗ ಬೆಳೆಯುವುದಿಲ್ಲ. ಅಲ್ಲಿ ತಡೆಯುವವರು ಮೂವರು: ಪ್ಯುಮಿಲಿಯೊ, ನ್ಯಾನೋಸ್, ಬ್ರ್ಯಾಟ್. ಪ್ಯುಮಿಲಿಯೊ ಮೊಟ್ಟೆಯ ತುಂಬಾ ಇದೆ. ನ್ಯಾನೋಸ್ ಹಿಂತುದಿಯಲ್ಲಿ ಮಾತ್ರ ತಯಾರಾಗಿ ಅಲ್ಲಿಂದ ಹರಡುತ್ತದೆ. ಪ್ಯುಮಿಲಿಯೊ ಆರ್‌ಎನ್‌ಎಯ ಬಾಲದ ಕಡೆ ಒಂದು ನಿರ್ದಿಷ್ಟ ಸಾಲನ್ನು ಹಿಡಿದುಕೊಳ್ಳುತ್ತದೆ, ನ್ಯಾನೋಸ್ ಪಕ್ಕದಲ್ಲಿ ಬಂದು ಹಿಡಿತ ಗಟ್ಟಿ ಮಾಡುತ್ತದೆ, ಬ್ರ್ಯಾಟ್ ಸೇರಿಕೊಳ್ಳುತ್ತದೆ, ಓದುವಿಕೆ ನಿಲ್ಲುತ್ತದೆ, ‘ಎ’ ಬಾಲವೂ ಮೊಟಕಾಗುತ್ತದೆ. ನ್ಯಾನೋಸ್ ಇಲ್ಲದ ತಾಯಿಯ ಮಕ್ಕಳಿಗೆ ಹೊಟ್ಟೆ ಇರುವುದಿಲ್ಲ.

ಇದಕ್ಕಿಂತ ಚಂದದ ಪ್ರಯೋಗ ಒಂದಿದೆ, ಸೆಮಿನಾರಿನಲ್ಲಿ ಬಿಡಬೇಡಿ. 1989ರಲ್ಲಿ ಕೆಲವು ಗುಂಪುಗಳು ತಾಯಿಯ ಕಡೆಯಿಂದ ನ್ಯಾನೋಸ್ ಜೊತೆಗೆ ಹಂಚ್‌ಬ್ಯಾಕ್ ಅನ್ನೂ ತೆಗೆದು ನೋಡಿದವು. ಹೊಟ್ಟೆ ಮತ್ತೆ ಸರಿಯಾಗಿ ಬೆಳೆಯಿತು. ಅಂದರೆ ಹೊಟ್ಟೆಯ ಮಟ್ಟಿಗೆ ನ್ಯಾನೋಸ್‌ಗೆ ಇದ್ದ ಕೆಲಸ ಒಂದೇ, ತಾಯಿ ಕೊಟ್ಟ ಹಂಚ್‌ಬ್ಯಾಕ್ ಆರ್‌ಎನ್‌ಎಯನ್ನು ಓದದಂತೆ ನೋಡಿಕೊಳ್ಳುವುದು. ಓದಲು ಆ ಆರ್‌ಎನ್‌ಎಯೇ ಇಲ್ಲದಿದ್ದರೆ ತಡೆಯುವವನೂ ಬೇಕಿಲ್ಲ, ಅಲ್ವಾ?

ಇನ್ನು ನ್ಯಾನೋಸ್ ಹಿಂತುದಿಯಲ್ಲಿ ಮಾತ್ರ ಹೇಗೆ ತಯಾರಾಗುತ್ತದೆ? ಅದರ ಆರ್‌ಎನ್‌ಎ ಹಿಂದೆ ಮಾತ್ರ ಇದೆ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅಳೆದು ನೋಡಿದಾಗ ಹಿಂತುದಿಯಲ್ಲಿ ಇದ್ದದ್ದು ಶೇ. 4ರಷ್ಟು ಮಾತ್ರ. ಉಳಿದ ಶೇ. 96 ಮೊಟ್ಟೆಯ ತುಂಬಾ ಹರಡಿಕೊಂಡಿದೆ, ಆದರೆ ಅದನ್ನು ಸ್ಮಾಗ್ ಎಂಬ ಇನ್ನೊಂದು ಪ್ರೋಟೀನ್ ಹಿಡಿದು ಓದಲು ಬಿಡುವುದಿಲ್ಲ, ಒಡೆಯಲು ಕೂಡ ಕಳಿಸುತ್ತದೆ. ಸ್ಮಾಗ್ ಅಕ್ಷರಗಳ ಸಾಲನ್ನಷ್ಟೇ ನೋಡುವುದಿಲ್ಲ, ಆರ್‌ಎನ್‌ಎ ಹೇರ್‌ಪಿನ್ನಿನಂತೆ ಮಡಚಿಕೊಂಡ ಆಕಾರವನ್ನು ಗುರುತಿಸುತ್ತದೆ. ಹಿಂತುದಿಯಲ್ಲಿ ಓಸ್ಕರ್ ಎಂಬ ಪ್ರೋಟೀನ್ ಇರುವುದರಿಂದ ಅಲ್ಲಿ ಸ್ಮಾಗ್ ಆಟ ನಡೆಯುವುದಿಲ್ಲ. ಓಸ್ಕರ್ ಆರ್‌ಎನ್‌ಎಯನ್ನು ಅಲ್ಲಿಗೆ ಸಾಗಿಸಲು ಸ್ಟಾಫೆನ್ ಬೇಕು, ದಾರಿಯಲ್ಲಿ ಅದು ಓದಲ್ಪಡದಂತೆ ಬ್ರೂನೋ ಬೇಕು. ಒಂದರ ಹಿಂದೆ ಒಂದು, ಎಲ್ಲವೂ ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳೇ.

ಇದು ಮೊಟ್ಟೆಯ ಒಂದೆರಡು ಜೀನ್‌ಗಳ ವಿಶೇಷ ಎಂದುಕೊಳ್ಳಬೇಡಿ. 2007ರಲ್ಲಿ ಕೆನಡಾದ ಒಂದು ಗುಂಪು ನೊಣದ ಭ್ರೂಣದಲ್ಲಿ 3370 ಜೀನ್‌ಗಳ ಆರ್‌ಎನ್‌ಎ ಎಲ್ಲೆಲ್ಲಿ ಇದೆ ಎಂದು ಬಣ್ಣ ಹಾಕಿ ನೋಡಿತು. ಅವುಗಳಲ್ಲಿ ಶೇ. 71ರಷ್ಟು ಜೀವಕೋಶದೊಳಗೆ ತಮ್ಮದೇ ಆದ ಜಾಗದಲ್ಲಿ ಕೂತಿದ್ದವು. ಆ ಅಂಕಿ ನೋಡಿದ ಮೇಲೆ ‘ಜೀನ್ ಆನ್ ಆಗಿದೆ’ ಎಂದಷ್ಟೇ ಹೇಳಿ ನಿಲ್ಲಿಸುವುದು ನನಗಂತೂ ಸಾಧ್ಯವಿಲ್ಲ.

ಈಗ ಮುಖ್ಯ ಉದಾಹರಣೆಗೆ ಬರೋಣ, ಸೆಕ್ಸ್ ಲೀಥಲ್. ನೊಣ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ತೀರ್ಮಾನಿಸುವ ಪ್ರೋಟೀನ್ ಇದು. ಮನುಷ್ಯರಲ್ಲಿ ವೈ ಕ್ರೋಮೋಸೋಮ್ ಇದ್ದರೆ ಗಂಡು. ನೊಣದಲ್ಲಿ ಹಾಗಲ್ಲ. ಎರಡು ಎಕ್ಸ್ ಮತ್ತು ಒಂದು ವೈ ಇರುವ ನೊಣ ಹೆಣ್ಣು, ಒಂದೇ ಎಕ್ಸ್ ಇದ್ದು ವೈ ಇಲ್ಲದ ನೊಣ ಗಂಡು, ಆದರೆ ಅದಕ್ಕೆ ಮಕ್ಕಳಾಗುವುದಿಲ್ಲ. ಇದು ಕ್ಯಾಲ್ವಿನ್ ಬ್ರಿಜಸ್ ಕಾಲದಿಂದ, 1916ರಿಂದ ಗೊತ್ತಿರುವ ವಿಷಯ. ಅಂದರೆ ನೊಣ ಎಕ್ಸ್ ಎಷ್ಟಿವೆ ಎಂದು ನೋಡುತ್ತದೆ. ಎರಡು ಇದ್ದರೆ ಭ್ರೂಣದ ಶುರುವಿನಲ್ಲೇ, ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುವ ಒಂದು ಪ್ರಮೋಟರ್‌ನಿಂದ ಸೆಕ್ಸ್ ಲೀಥಲ್ ಪ್ರೋಟೀನ್ ಒಂದಿಷ್ಟು ತಯಾರಾಗುತ್ತದೆ. ಒಂದೇ ಇದ್ದರೆ ಆಗುವುದಿಲ್ಲ. ನೋಡಿ, ಇಲ್ಲಿಯ ತನಕ ನಿಮ್ಮ ಪುಸ್ತಕದ ಪ್ರಮೋಟರ್ ಕಥೆಯೇ.

ಆಮೇಲೆ ಕಥೆ ತಿರುಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಆ ಪ್ರಮೋಟರ್ ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆಯುತ್ತದೆ. ಈ ಎರಡನೆಯದು ಗಂಡಿನಲ್ಲೂ ತೆರೆದಿರುತ್ತದೆ, ಹೆಣ್ಣಿನಲ್ಲೂ ತೆರೆದಿರುತ್ತದೆ, ಜೀವನಪೂರ್ತಿ! ಜೀನ್ ಇಬ್ಬರಲ್ಲೂ ಆನ್. ಆದರೆ ಗಂಡಿನಲ್ಲಿ ಪ್ರೋಟೀನ್ ಇಲ್ಲ. ಏಕೆಂದರೆ ಈ ಆರ್‌ಎನ್‌ಎಯ ಮೂರನೇ ಎಕ್ಸಾನ್ ಒಳಗೆ ‘ನಿಲ್ಲು’ ಎಂಬ ಕೋಡಾನ್, ಅಂದರೆ ಮೂರಕ್ಷರದ ಸಂಕೇತ ಇದೆ. ಗಂಡಿನಲ್ಲಿ ಆ ಎಕ್ಸಾನ್ ಒಳಗೇ ಉಳಿಯುತ್ತದೆ, ರೈಬೋಸೋಮ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಹೆಣ್ಣಿನಲ್ಲಿ ಮೊದಲೇ ತಯಾರಾಗಿದ್ದ ಸೆಕ್ಸ್ ಲೀಥಲ್ ಪ್ರೋಟೀನ್ ತನ್ನದೇ ಜೀನಿನ ಹೊಸ ಆರ್‌ಎನ್‌ಎಗೆ, ಆ ಎಕ್ಸಾನಿನ ಎರಡೂ ಪಕ್ಕದ ಇಂಟ್ರಾನ್‌ಗಳಲ್ಲಿ ಅಂಟಿಕೊಂಡು, ಅದನ್ನು ಬಿಟ್ಟುಹೋಗುವಂತೆ ಮಾಡುತ್ತದೆ. ಆಗ ಪೂರ್ತಿ ಪ್ರೋಟೀನ್ ಬರುತ್ತದೆ, ಅದು ಮುಂದಿನ ಆರ್‌ಎನ್‌ಎಗೆ ಅಂಟುತ್ತದೆ, ಹೀಗೆ ಸುತ್ತು ನಿಲ್ಲುವುದೇ ಇಲ್ಲ. ‘ನಾನು ಹೆಣ್ಣು’ ಎಂಬ ನೆನಪು ಡಿಎನ್‌ಎಯಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಬರೀ ಈ ಸುತ್ತಿನಲ್ಲಿ ಉಳಿದುಕೊಂಡಿದೆ.

ಈ ಕೆಲಸಕ್ಕೆ ಅದು ಒಂಟಿಯಾಗಿ ಹೋಗುವುದಿಲ್ಲ. ವಿರಿಲೈಸರ್ ಮುಂತಾದ ಜೊತೆಗಾರರು ಬೇಕು ಎಂದು ತಳಿಶಾಸ್ತ್ರದವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅವು ಆರ್‌ಎನ್‌ಎಯ ‘ಎ’ ಅಕ್ಷರಕ್ಕೆ ಮಿಥೈಲ್ ಗುರುತು ಹಾಕುವ ಯಂತ್ರದ ಭಾಗಗಳು ಎಂದು ಸ್ಪಷ್ಟವಾದದ್ದು 2016ರ ಸುಮಾರಿಗೆ.

ಇದು ಮೊದಲ ಕೆಲಸ. ಎರಡನೆಯದು ಟ್ರಾನ್ಸ್‌ಫಾರ್ಮರ್ ಎಂಬ ಜೀನಿನ ಆರ್‌ಎನ್‌ಎ ಮೇಲೆ. ಇಲ್ಲಿ ಕತ್ತರಿಸಲು ಎರಡು ಜಾಗಗಳಿವೆ, ಮೊದಲು ಒಂದು, ಅದರ ಮುಂದೆ ಇನ್ನೊಂದು. ಮೊದಲನೆಯದು ಬಲವಾದ ಜಾಗ, ಯು ಅಕ್ಷರಗಳ ಉದ್ದ ಸಾಲು ಇದೆ, ಸ್ಪ್ಲೈಸಿಂಗ್ ಯಂತ್ರದ ಯು2ಎಎಫ್ ಎಂಬ ಪ್ರೋಟೀನ್ ಅಲ್ಲೇ ಕೂರಲು ಬಯಸುತ್ತದೆ. ಸೆಕ್ಸ್ ಲೀಥಲ್‌ಗೆ ಕೂಡ ಇಷ್ಟವಾದದ್ದು ಯು ಸಾಲೇ. ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ಜನ ಹತ್ತುವ ಮುಂಚೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಸೆಕ್ಸ್ ಲೀಥಲ್ ಮೊದಲ ಜಾಗ ಹಿಡಿದುಬಿಡುತ್ತದೆ. ಯು2ಎಎಫ್ ಬೇರೆ ದಾರಿ ಇಲ್ಲದೆ ಮುಂದಿನ ಜಾಗಕ್ಕೆ ಹೋಗುತ್ತದೆ. 1993ರಲ್ಲಿ ಈ ಪೈಪೋಟಿಯನ್ನು ಪ್ರಯೋಗದಲ್ಲಿ ತೋರಿಸಿದರು. ಮೊದಲ ಜಾಗದಲ್ಲಿ ಕತ್ತರಿಸಿದರೆ ಬೇಗನೆ ‘ನಿಲ್ಲು’ ಬರುತ್ತದೆ, ಗಂಡಿನಲ್ಲಿ ಆಗುವುದು ಇದೇ. ಎರಡನೆಯದರಲ್ಲಿ ಕತ್ತರಿಸಿದರೆ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರ್ ಪ್ರೋಟೀನ್ ಬರುತ್ತದೆ. ಹೆಣ್ಣಿನಲ್ಲೂ ಎಲ್ಲಾ ಆರ್‌ಎನ್‌ಎ ಬದಲಾಗುವುದಿಲ್ಲ, ಸುಮಾರು ಅರ್ಧದಷ್ಟು ಹಳೆಯ ರೀತಿಯಲ್ಲೇ ಕತ್ತರಿಸಲ್ಪಡುತ್ತವೆ. ಆದರೂ ಉಳಿದ ಅರ್ಧ ಸಾಕು.

ಈಗ ಟ್ರಾನ್ಸ್‌ಫಾರ್ಮರ್ ಏನು ಮಾಡುತ್ತದೆ ನೋಡಿ, ಪೂರ್ತಿ ಉಲ್ಟಾ. ಅದು ಟ್ರಾ-2 ಎಂಬ ಪ್ರೋಟೀನ್ ಮತ್ತು ಸ್ಪ್ಲೈಸಿಂಗ್‌ನಲ್ಲಿ ಪಾಲ್ಗೊಳ್ಳುವ ಎಸ್‌ಆರ್ ಜಾತಿಯ ಪ್ರೋಟೀನ್‌ಗಳ ಜೊತೆ ಸೇರಿ ಡಬಲ್‌ಸೆಕ್ಸ್ ಜೀನಿನ ನಾಲ್ಕನೇ ಎಕ್ಸಾನ್ ಒಳಗೆ ಕೂರುತ್ತದೆ. ಅಲ್ಲಿ 13 ಅಕ್ಷರಗಳ ಒಂದು ಸಾಲು ಆರು ಸಲ ಬರುತ್ತದೆ. ಆ ಎಕ್ಸಾನಿನ ಮುಂಚಿನ ಕತ್ತರಿಸುವ ಜಾಗ ದುರ್ಬಲ, ಸ್ವಂತ ಬಲದಿಂದ ಯಂತ್ರವನ್ನು ಕರೆಯಲಾರದು. ಈ ಗುಂಪು ಯಂತ್ರವನ್ನು ಕರೆದು ತರುತ್ತದೆ. ಹೆಣ್ಣಿನ ರೂಪದ ಡಬಲ್‌ಸೆಕ್ಸ್ ತಯಾರಾಗುತ್ತದೆ. ಗಂಡಿನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ನಾಲ್ಕನೇ ಎಕ್ಸಾನ್ ಬಿಟ್ಟುಹೋಗಿ ಗಂಡಿನ ರೂಪ ಬರುತ್ತದೆ. ಫ್ರೂಟ್‌ಲೆಸ್ ಎಂಬ ಜೀನಿನ ಮೇಲೂ ಟ್ರಾನ್ಸ್‌ಫಾರ್ಮರ್ ಹೀಗೇ ಕೆಲಸ ಮಾಡುತ್ತದೆ. 2005ರಲ್ಲಿ ಹೆಣ್ಣು ನೊಣದಲ್ಲಿ ಫ್ರೂಟ್‌ಲೆಸ್ ಅನ್ನು ಗಂಡಿನ ರೀತಿ ಸ್ಪ್ಲೈಸ್ ಆಗುವಂತೆ ಮಾಡಿದಾಗ ಆ ಹೆಣ್ಣುಗಳು ಬೇರೆ ಹೆಣ್ಣುಗಳ ಹಿಂದೆ ರೆಕ್ಕೆ ಬಡಿದು ಹಾಡುತ್ತಾ ಹೋದವು. ಒಂದು ಆರ್‌ಎನ್‌ಎಯನ್ನು ಎಲ್ಲಿ ಕತ್ತರಿಸಿದರು ಎಂಬುದರಿಂದ ಒಂದು ಪ್ರಾಣಿಯ ನಡವಳಿಕೆಯೇ ಬದಲಾಯಿತು. ಇದನ್ನು ಮೊದಲ ಸಲ ಓದಿದವರು ಯಾರೂ ಮರೆಯುವುದಿಲ್ಲ ಅನ್ನಿಸುತ್ತದೆ.

ಸೆಕ್ಸ್ ಲೀಥಲ್‌ನ ಮೂರನೇ ಕೆಲಸ ಸ್ಪ್ಲೈಸಿಂಗ್‌ನಲ್ಲಿ ಶುರುವಾಗಿ ನ್ಯೂಕ್ಲಿಯಸ್ಸಿನ ಹೊರಗೆ ಮುಗಿಯುತ್ತದೆ. ಗಂಡು ನೊಣಕ್ಕೆ ಒಂದೇ ಎಕ್ಸ್ ಇರುವುದರಿಂದ ಅದರಿಂದ ಎರಡರಷ್ಟು ಆರ್‌ಎನ್‌ಎ ತೆಗೆಯಬೇಕು. ಅದಕ್ಕೊಂದು ಪ್ರೋಟೀನ್ ಗುಂಪು ಇದೆ, ಅದರಲ್ಲಿ ಗಂಡಿನಲ್ಲಿ ಮಾತ್ರ ಇರಬೇಕಾದದ್ದು ಎಂಎಸ್‌ಎಲ್-2. ಹೆಣ್ಣಿನಲ್ಲಿ ಇದು ತಯಾರಾದರೆ ಎರಡೂ ಎಕ್ಸ್ ಮಿತಿ ಮೀರಿ ಕೆಲಸ ಮಾಡುತ್ತವೆ, ನೊಣ ಸಾಯುತ್ತದೆ. ಹಾಗಾಗಿ ಸೆಕ್ಸ್ ಲೀಥಲ್ ಇಲ್ಲಿ ಎರಡು ಬೀಗ ಹಾಕುತ್ತದೆ. ಮೊದಲು ನ್ಯೂಕ್ಲಿಯಸ್ಸಿನಲ್ಲಿ, ಆರ್‌ಎನ್‌ಎಯ ಮುಂಭಾಗದ ಒಂದು ಇಂಟ್ರಾನ್ ಕತ್ತರಿಸಿ ಹೋಗದಂತೆ ಉಳಿಸುತ್ತದೆ. ಏಕೆಂದರೆ ತಾನು ಆಮೇಲೆ ಅಂಟಬೇಕಾದ ಜಾಗ ಆ ಇಂಟ್ರಾನಿನಲ್ಲೇ ಇದೆ! ಹೊರಗೆ ಬಂದ ಮೇಲೆ ಆರ್‌ಎನ್‌ಎಯ ಬಾಲದ ಕಡೆ ಅಂಟಿ, ಯುಎನ್‌ಆರ್ ಎಂಬ ಜೊತೆಗಾರನನ್ನು ಕರೆದು, ರೈಬೋಸೋಮಿನ ಸಣ್ಣ ತುಂಡು ಬಂದು ಕೂರುವುದನ್ನೇ ತಡೆಯುತ್ತದೆ. ಅಷ್ಟರಲ್ಲೂ ತಪ್ಪಿಸಿಕೊಂಡು ಕೂತದ್ದು ಮುಂದೆ ಸರಿಯದಂತೆ ಮುಂಭಾಗದಲ್ಲಿ ಅಂಟಿದ ಪ್ರತಿ ತಡೆಯುತ್ತದೆ.

ಒಂದೇ ಪ್ರೋಟೀನ್. ಅಂಟುವುದು ಯು ಸಾಲಿಗೇ. ತನ್ನ ಜೀನಿನಲ್ಲಿ ಎಕ್ಸಾನ್ ಬಿಡಿಸಿತು, ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಕಿತ್ತುಕೊಂಡಿತು, ಎಂಎಸ್‌ಎಲ್-2ರಲ್ಲಿ ಓದು ನಿಲ್ಲಿಸಿತು. ಮೊದಲೆರಡರಲ್ಲಿ ಕೊನೆಗೆ ಪ್ರೋಟೀನ್ ಬಂತು, ಮೂರನೆಯದರಲ್ಲಿ ಬರಲಿಲ್ಲ. ಇದನ್ನು ಆಕ್ಟಿವೇಟರ್ (ಸಹಾಯ ಮಾಡುವುದು) ಎನ್ನುತ್ತೀರೋ ರಿಪ್ರೆಸರ್ (ತಡೆಯುವುದು) ಎನ್ನುತ್ತೀರೋ?

ಈ ಗೊಂದಲದ ಬೇರು ಅಣುವಿನ ಮಟ್ಟದಲ್ಲೇ ಇದೆ. ಇಂಥ ಪ್ರೋಟೀನ್‌ಗಳು ಹೆಚ್ಚಾಗಿ ಬಳಸುವ ಹಿಡಿಕೆಯ ಹೆಸರು ಆರ್‌ಆರ್‌ಎಂ, ಸುಮಾರು 90 ಅಮೈನೋ ಆಮ್ಲಗಳ ಮಡಿಕೆ. ಒಂದು ಹಿಡಿಕೆ ಹಿಡಿಯುವುದು ಕೆಲವೇ ಅಕ್ಷರಗಳನ್ನು. ನಾಲ್ಕು ಅಕ್ಷರ ಎಂದಿಟ್ಟುಕೊಳ್ಳಿ. ಅಕ್ಷರಗಳು ನಾಲ್ಕೇ ಇರುವುದರಿಂದ ಒಂದು ನಿರ್ದಿಷ್ಟ ನಾಲ್ಕಕ್ಷರದ ಸಾಲು ಪ್ರತಿ 256 ಅಕ್ಷರಕ್ಕೊಮ್ಮೆ ತಾನಾಗಿಯೇ ಬಂದುಬಿಡುತ್ತದೆ. 2000 ಅಕ್ಷರಗಳ ಆರ್‌ಎನ್‌ಎಯಲ್ಲಿ ಏಳೆಂಟು ಕಡೆ ಸಿಗುತ್ತದೆ. ಹೀಗಾದರೆ ಸರಿಯಾದ ಆರ್‌ಎನ್‌ಎ ಹುಡುಕುವುದು ಹೇಗೆ? ಹಿಡಿಕೆಗಳನ್ನು ಜೋಡಿಸುವುದು ಒಂದು ದಾರಿ, ಸೆಕ್ಸ್ ಲೀಥಲ್‌ಗೆ ಎರಡು ಆರ್‌ಆರ್‌ಎಂ ಇವೆ. ಪ್ಯುಮಿಲಿಯೊಗೆ ಎಂಟು ಪುನರಾವರ್ತನೆಗಳಿವೆ, ಒಂದೊಂದೂ ಒಂದೊಂದು ಅಕ್ಷರ ಓದುತ್ತದೆ. ಎಂಟಕ್ಷರ ಎಂದರೆ ಸರಾಸರಿ 65,536ಕ್ಕೊಮ್ಮೆ. ಇನ್ನೊಂದು ದಾರಿ ಜೊತೆಗಾರರನ್ನು ಕಟ್ಟಿಕೊಳ್ಳುವುದು. ನಾನು ಜಾಸ್ತಿ ಮುಖ್ಯ ಎನ್ನುವುದು ಈ ಎರಡನೆಯದನ್ನು. ಏಕೆಂದರೆ ಜೊತೆಗಾರ ಬದಲಾದರೆ ಆರ್‌ಎನ್‌ಎಯೂ ಬದಲಾಗುತ್ತದೆ, ಪರಿಣಾಮವೂ ಬದಲಾಗುತ್ತದೆ. ಪ್ಯುಮಿಲಿಯೊ ಹಂಚ್‌ಬ್ಯಾಕ್ ಮೇಲೆ ಕೂತಾಗ ನ್ಯಾನೋಸ್, ಬ್ರ್ಯಾಟ್ ಇಬ್ಬರೂ ಬೇಕು. ಮುಂದೆ ಮೊಟ್ಟೆ, ವೀರ್ಯಾಣುಗಳನ್ನು ಕೊಡುವ ಕೋಶಗಳಲ್ಲಿ, ಕೋಶ ಒಡೆಯಲು ಬೇಕಾದ ಸೈಕ್ಲಿನ್ ಬಿ ಎಂಬುದರ ಆರ್‌ಎನ್‌ಎ ಮೇಲೆ ಕೂತಾಗ ನ್ಯಾನೋಸ್ ಸಾಕು, ಬ್ರ್ಯಾಟ್ ಬೇಕಿಲ್ಲ.

ಎಚ್‌ಆರ್‌ಪಿ48 ಎಂಬುದು ಇನ್ನೊಂದು. ಮೈಯ ಕೋಶಗಳಲ್ಲಿ ಅದು ಪಿಎಸ್‌ಐ ಎಂಬ ಪ್ರೋಟೀನ್ ಜೊತೆ ಸೇರಿ ಪಿ ಎಲಿಮೆಂಟ್ ಎಂಬ ಜಿಗಿಯುವ ಡಿಎನ್‌ಎಯ ಒಂದು ಇಂಟ್ರಾನ್ ಕತ್ತರಿಸಿ ಹೋಗದಂತೆ ತಡೆಯುತ್ತದೆ, ಹಾಗಾಗಿ ಪಿ ಎಲಿಮೆಂಟ್ ಅಲ್ಲಿ ಜಿಗಿಯಲಾರದು. ಅದೇ ಎಚ್‌ಆರ್‌ಪಿ48 ಓಸ್ಕರ್ ಆರ್‌ಎನ್‌ಎ ಹಿಂತುದಿಗೆ ತಲುಪಲೂ ಬೇಕು, ಎಂಎಸ್‌ಎಲ್-2 ಮೇಲೆ ಸೆಕ್ಸ್ ಲೀಥಲ್‌ಗೂ ನೆರವಾಗುತ್ತದೆ. ಎಸ್‌ಆರ್ ಪ್ರೋಟೀನ್‌ಗಳ ವಿಷಯವೂ ಹೀಗೇ, ಎಕ್ಸಾನ್ ಒಳಗೆ ಕೂತರೆ ಸಾಮಾನ್ಯವಾಗಿ ಸ್ಪ್ಲೈಸಿಂಗ್‌ಗೆ ಸಹಾಯ, ಇಂಟ್ರಾನ್ ಒಳಗೆ ಕೂತರೆ ಎಷ್ಟೋ ಸಲ ಅಡ್ಡಿ. ನಿಮಗೆ ವಿರುದ್ಧ ಅನ್ನಿಸಿದ ಎರಡು ಪೇಪರುಗಳನ್ನು ತೆಗೆದು, ಎರಡರಲ್ಲೂ ಪ್ರೋಟೀನ್ ಕೂತ ಜಾಗ ಯಾವುದು ಎಂದು ಮೊದಲು ನೋಡಿ.

ಡಿಎಸ್‌ಕ್ಯಾಮ್ ಎಂಬ ನೊಣದ ಜೀನಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಒಂದೇ ಜೀನಿನಿಂದ 38,016 ರೂಪಗಳು ಬರಬಹುದು ಎಂದು. ಲೆಕ್ಕ ಸರಿ, 12, 48, 33 ಮತ್ತು 2 ಗುಣಿಸಿದರೆ ಅಷ್ಟೇ ಬರುತ್ತದೆ. ನಿಮ್ಮ ವಿಷಯಕ್ಕೆ ಬೇಕಾದದ್ದು ಒಂದೇ: ಆ 48 ಆಯ್ಕೆಗಳ ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ಎಕ್ಸಾನ್ ಒಟ್ಟಿಗೆ ಸೇರದಂತೆ ಕಾಯುವುದು ಎಚ್‌ಆರ್‌ಪಿ36 ಎಂಬ ಪ್ರೋಟೀನ್. ಅದನ್ನು ಹೇಳಿ ಮುಂದೆ ಹೋಗಿ.

ನಮ್ಮ ಕಡೆಯವರಿಗೆ ಹತ್ತಿರದ ವಿಷಯ ಶಾಖ. ವಿಜಯಪುರದ ಏಪ್ರಿಲ್ ಮೇ ತಿಂಗಳ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಪ್ರಯೋಗಾಲಯದಲ್ಲಿ ನೊಣ ಸಾಕುವುದು 25 ಡಿಗ್ರಿಯಲ್ಲಿ, ‘ಹೀಟ್ ಶಾಕ್’ ಕೊಡುವುದು 37ರಲ್ಲಿ. 1962ರಲ್ಲಿ ಇಟಲಿಯ ರಿಟೋಸಾ ನೊಣದ ಲಾಲಾರಸ ಗ್ರಂಥಿಯ ದೊಡ್ಡ ಕ್ರೋಮೋಸೋಮ್‌ಗಳಲ್ಲಿ ಶಾಖ ತಗುಲಿದಾಗ ಕೆಲವು ಜಾಗ ಉಬ್ಬುವುದನ್ನು ವರದಿ ಮಾಡಿದರು. ಅಂಥ ಉಬ್ಬುಗಳಲ್ಲಿ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನ 93ಡಿ ಎಂಬುದರ ಜೀನ್ ಎಚ್‌ಎಸ್‌ಆರ್ ಒಮೆಗಾ, ಅದರ ಕೆಲಸ ನಡೆಯುವುದು ಪ್ರೋಟೀನ್ ಮೂಲಕ ಅಲ್ಲ, ಆರ್‌ಎನ್‌ಎ ಮೂಲಕವೇ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಸ್.ಸಿ. ಲಖೋಟಿಯಾ ಅವರ ಗುಂಪು ದಶಕಗಳ ಕಾಲ ಇದರ ಹಿಂದೆ ಬಿದ್ದು, 2000ದ ಸುಮಾರಿಗೆ ಒಂದು ಮುಖ್ಯ ವಿಷಯ ತೋರಿಸಿತು. ಈ ಆರ್‌ಎನ್‌ಎ ನ್ಯೂಕ್ಲಿಯಸ್ಸಿನಲ್ಲಿ ಎಚ್‌ಎನ್‌ಆರ್‌ಎನ್‌ಪಿ ಜಾತಿಯ, ಅಂದರೆ ಹೊಸದಾಗಿ ಬರೆದ ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳನ್ನು ಸಣ್ಣ ಸಣ್ಣ ಚುಕ್ಕೆಗಳಲ್ಲಿ ಹಿಡಿದಿಡುತ್ತದೆ, ಅವಕ್ಕೆ ಒಮೆಗಾ ಸ್ಪೆಕಲ್ ಎಂದು ಹೆಸರಿಟ್ಟರು. ಶಾಖ ಏರಿದಾಗ ಆ ಚುಕ್ಕೆಗಳು ಒಂದುಗೂಡಿ ಪ್ರೋಟೀನ್‌ಗಳು 93ಡಿ ಜಾಗದಲ್ಲೇ ಬಂದು ಸೇರುತ್ತವೆ. ಇಲ್ಲಿ ಪ್ರೋಟೀನ್ ಆರ್‌ಎನ್‌ಎಯನ್ನು ಆಳುವುದಕ್ಕಿಂತ ಆರ್‌ಎನ್‌ಎಯೇ ಪ್ರೋಟೀನನ್ನು ಆಳುತ್ತಿದೆ. ಭಾರತದಲ್ಲಿ ಆದ ಈ ಕೆಲಸವನ್ನು ಭಾರತದ ಎಂಎಸ್ಸಿ ತರಗತಿಗಳಲ್ಲೇ ಹೇಳದೆ ಬಿಡುವುದು ನನಗೆ ಬೇಸರದ ಸಂಗತಿ, ನೀವಾದರೂ ಸೇರಿಸಿ.

ಜೋರು ಶಾಖದಲ್ಲಿ ನೊಣದ ಸ್ಪ್ಲೈಸಿಂಗ್ ನಿಂತುಹೋಗುತ್ತದೆ. ಆಗಲೂ ಶಾಖದಿಂದ ಕೋಶವನ್ನು ಕಾಯುವ ಎಚ್‌ಎಸ್‌ಪಿ70 ಎಂಬ ಪ್ರೋಟೀನ್ ಧಾರಾಳವಾಗಿ ತಯಾರಾಗುತ್ತದೆ, ಏಕೆಂದರೆ ಅದರ ಜೀನಿನಲ್ಲಿ ಇಂಟ್ರಾನೇ ಇಲ್ಲ. ಅದೇ ಬಗೆಯ ಎಚ್‌ಎಸ್‌ಪಿ83ರ ಜೀನಿನಲ್ಲಿ ಒಂದು ಇಂಟ್ರಾನ್ ಇದೆ, ಅದು ಸಿಕ್ಕಿಹಾಕಿಕೊಳ್ಳುತ್ತದೆ.

ಮನುಷ್ಯರಿಗೆ ಇದರಿಂದ ಏನು ಎಂದು ಸೆಮಿನಾರಿನಲ್ಲಿ ಖಂಡಿತ ಕೇಳುತ್ತಾರೆ. ಫ್ರಜೈಲ್ ಎಕ್ಸ್ ಎಂಬ ಬುದ್ಧಿ ಬೆಳವಣಿಗೆಯ ತೊಂದರೆಯಲ್ಲಿ ಕೈಕೊಡುವುದು ಎಫ್‌ಎಂಆರ್1 ಎಂಬ ಜೀನ್, ಅದು ಆರ್‌ಎನ್‌ಎ ಹಿಡಿಯುವ ಪ್ರೋಟೀನ್ ಮಾಡುತ್ತದೆ. ನೊಣದಲ್ಲೂ ಅದರ ಜೋಡಿ ಇದೆ, ಅದನ್ನು ತೆಗೆದರೆ ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಕವಲುಗಳು ಅತಿಯಾಗಿ ಬೆಳೆಯುತ್ತವೆ. ಎಎಲ್‌ಎಸ್ ಎಂಬ ನರರೋಗದಲ್ಲಿ ಕಾಣಿಸುವ ಟಿಡಿಪಿ-43 ಕೂಡ ಇದೇ ಜಾತಿಯದು, ಅದನ್ನೂ ನೊಣದಲ್ಲಿ ಅಧ್ಯಯನ ಮಾಡುತ್ತಾರೆ.

ಒಂದು ಎಚ್ಚರಿಕೆ. ಪೇಪರುಗಳಲ್ಲಿ ‘ಈ ಪ್ರೋಟೀನ್ ಸಾವಿರಾರು ಆರ್‌ಎನ್‌ಎಗಳಿಗೆ ಅಂಟುತ್ತದೆ’ ಎಂದು ನೋಡಿದ ಕೂಡಲೇ ಅವನ್ನೆಲ್ಲ ನಿಯಂತ್ರಿಸುತ್ತದೆ ಎಂದು ಬರೆಯಬೇಡಿ. ಕ್ಲಿಪ್ ಎಂಬ ವಿಧಾನದಲ್ಲಿ 254 ನ್ಯಾನೋಮೀಟರ್‌ನ ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿ, ಪ್ರೋಟೀನ್ ಆ ಕ್ಷಣಕ್ಕೆ ಮುಟ್ಟಿದ್ದ ಆರ್‌ಎನ್‌ಎಯನ್ನು ಗಟ್ಟಿಯಾಗಿ ಬೆಸೆದು, ಪ್ರೋಟೀನನ್ನು ಹೊರತೆಗೆದು, ಜೊತೆಗೆ ಬಂದ ಆರ್‌ಎನ್‌ಎಯನ್ನು ಓದುತ್ತಾರೆ. ಮುಟ್ಟಿದ್ದೆಲ್ಲ ಗೊತ್ತಾಗುತ್ತದೆ. ಮುಟ್ಟಿದ್ದಕ್ಕೆ ಏನಾಯಿತು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಆ ಅಂಟುವ ಅಕ್ಷರಗಳನ್ನು ಬದಲಿಸಿ, ಬೇರೆಲ್ಲ ಹಾಗೇ ಇಟ್ಟು, ಪ್ರೋಟೀನ್ ಪ್ರಮಾಣ ಅಥವಾ ಸ್ಪ್ಲೈಸಿಂಗ್ ಬದಲಾಯಿತೇ ಎಂದು ನೋಡಬೇಕು. ಈ ಎರಡನೇ ಪ್ರಯೋಗ ಇಲ್ಲದ ಪೇಪರಿನ ಮಾತನ್ನು ಅರ್ಧ ಮಾತ್ರ ನಂಬಿ. ನೀವೇ ನೊಣ ಸಾಕಿ ನೋಡುವ ಆಸೆ ಇದ್ದರೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ನಿಮ್ಮ ವಿಭಾಗದ ಮೂಲಕ ಕೇಳಿ. ಬೇಸಿಗೆಯಲ್ಲಿ ಮಾತ್ರ ತಂಪು ಇನ್‌ಕ್ಯುಬೇಟರ್ ಇಲ್ಲದೆ ಶುರು ಮಾಡಬೇಡಿ, 30 ಡಿಗ್ರಿಯಲ್ಲೇ ಬೆಳೆದ ಮೆಲನೊಗ್ಯಾಸ್ಟರ್ ಗಂಡುಗಳಿಗೆ ಮಕ್ಕಳಾಗುವುದಿಲ್ಲ.

ಕೊನೆಗೆ ಅಪ್ಪನವರ ಪ್ರಶ್ನೆ. ಅವರ ಪೇರಲದ ನೊಣ ಬೇರೆ, ನೀವು ಓದುವ ನೊಣ ಬೇರೆ. ಬಿರಿದ ದ್ರಾಕ್ಷಿ, ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಕೆಂಪು ಕಣ್ಣಿನ ಸಣ್ಣ ನುಸಿ ಡ್ರೊಸೊಫಿಲಾ. ಅದು ಹುಳಿ ಬಂದ ಹಣ್ಣಿನ ಯೀಸ್ಟ್ ತಿನ್ನಲು ಬರುತ್ತದೆ. ಪೇರಲ, ಮಾವಿನಲ್ಲಿ ಹುಳ ಬೀಳಿಸುವುದು ಬ್ಯಾಕ್ಟ್ರೊಸೆರಾ, ಅದಕ್ಕಿಂತ ದೊಡ್ಡದು, ಹೆಣ್ಣು ಗಟ್ಟಿ ಹಣ್ಣಿನ ಸಿಪ್ಪೆಗೇ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮಿಥೈಲ್ ಯೂಜಿನಾಲ್ ಎಂಬ ವಾಸನೆಯ ವಸ್ತು ಇಟ್ಟ ಬಲೆಗೆ ಬಂದು ಬೀಳುವುದು ಇದರ ಗಂಡುಗಳು.

ಆದರೆ ಸಂಬಂಧ ಇಲ್ಲವೇ ಎಂದರೆ, ಇದೆ. ಬ್ಯಾಕ್ಟ್ರೊಸೆರಾದಲ್ಲೂ ಅದರ ಹತ್ತಿರದ ಮೆಡಿಟರೇನಿಯನ್ ಹಣ್ಣುನೊಣದಲ್ಲೂ ಗಂಡು ಹೆಣ್ಣು ತೀರ್ಮಾನಿಸುವುದು ಸ್ಪ್ಲೈಸಿಂಗೇ. ಸೆಕ್ಸ್ ಲೀಥಲ್‌ಗೆ ಅಲ್ಲಿ ಆ ಪಾತ್ರ ಇಲ್ಲ. ಟ್ರಾನ್ಸ್‌ಫಾರ್ಮರ್ ತಾನೇ ತನ್ನ ಆರ್‌ಎನ್‌ಎಯನ್ನು ಹೆಣ್ಣಿನ ರೀತಿ ಕತ್ತರಿಸಿಕೊಂಡು ಸುತ್ತು ನಡೆಸುತ್ತದೆ, ತಾಯಿಯಿಂದ ಬಂದ ಪ್ರೋಟೀನ್ ಅದಕ್ಕೆ ಚಾಲನೆ ಕೊಡುತ್ತದೆ. ಗಂಡಿನಲ್ಲಿ ವೈ ಕ್ರೋಮೋಸೋಮಿನ ಒಂದು ಜೀನ್ ಆ ಸುತ್ತನ್ನು ಮುರಿಯುತ್ತದೆ. ಮೆಡಿಟರೇನಿಯನ್ ನೊಣದಲ್ಲಿ ಆ ಜೀನ್ 2019ರಲ್ಲಿ ಸಿಕ್ಕಿತು, ಎಂಒವೈ ಎಂದು ಕರೆಯುತ್ತಾರೆ. ಎರಡು ಎಕ್ಸ್ ಇರುವ ಭ್ರೂಣಕ್ಕೆ ಅದನ್ನು ಕೊಟ್ಟಾಗ ಗಂಡು ನೊಣವೇ ಬೆಳೆಯಿತು. ಬಂಜೆ ಗಂಡುಗಳನ್ನು ಹೊಲಕ್ಕೆ ಬಿಟ್ಟು ಕೀಟದ ಸಂತತಿ ಇಳಿಸುವ ವಿಧಾನ ಹಲವು ದೇಶಗಳಲ್ಲಿ ನಡೆದಿದೆ. ಹಣ್ಣಿಗೆ ಚುಚ್ಚುವುದು ಹೆಣ್ಣಾದ್ದರಿಂದ ಬಿಡುವ ನೊಣಗಳಲ್ಲಿ ಹೆಣ್ಣು ಇರಬಾರದು. ಮೆಡಿಟರೇನಿಯನ್ ನೊಣದಲ್ಲಿ ಈಗ ಹೆಣ್ಣು ಭ್ರೂಣಗಳು ಮಾತ್ರ ಶಾಖಕ್ಕೆ ಸಾಯುವ ತಳಿಗಳನ್ನು ಬಳಸಿ ಅವನ್ನು ಬೇರೆ ಮಾಡುತ್ತಾರೆ. ಸ್ಪ್ಲೈಸಿಂಗ್ ತಿರುಗಿಸಿ ಭ್ರೂಣಗಳನ್ನೆಲ್ಲ ಗಂಡೇ ಮಾಡಬಹುದೇ ಎಂಬ ಹುಡುಕಾಟವೂ ಅದರ ಪಕ್ಕದಲ್ಲೇ ನಡೆದಿದೆ. ಅಪ್ಪನವರಿಗೆ ಸದ್ಯಕ್ಕೆ ಇಷ್ಟು ಹೇಳಿ: ಹುಳ ಬಿದ್ದ ಪೇರಲವನ್ನು ಗಿಡದ ಕೆಳಗೆ ಬಿಡದೆ ಆರಿಸಿ ಆಳವಾಗಿ ಹೂಳಬೇಕು, ಒಳಗಿನ ಹುಳ ಮಣ್ಣಿಗಿಳಿದು ಪ್ಯೂಪಾ ಆಗಿ ಮತ್ತೆ ನೊಣವಾಗುತ್ತದೆ. ಬಲೆಗಳ ಬಗ್ಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನು ಕೇಳಿದರೆ ನಮ್ಮ ಹವೆಗೆ ತಕ್ಕಂತೆ ಹೇಳುತ್ತಾರೆ.